ನಲವತ್ತು ಜನರ ಮದುವೆಗೆ ಮುನ್ನೂರು ಜನ

ನನ್ನ ಅಕ್ಕನ ಮಗಳು ಇಂದುಮತಿಯ ಮದುವೆಗೆ ಮೇಲಿನೂರಿನಿಂದ ಬರಬೇಕಾದವರು ಮುನ್ನೂರು ಜನ. ಬರಲು ಸಾಧ್ಯವಿದ್ದದ್ದು ನಲವತ್ತು ಜನಕ್ಕೆ. ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೇಲಿನೂರಿಗೂ ಕೆಳಗಿನೂರಿಗೂ ನಡುವೆ ಆರುನೂರ ಹನ್ನೆರಡು ಮೆಟ್ಟಿಲು. ಮೇಲಿನವರು ನಲವತ್ತು ಜನ ಆಗಲೇ ಕೆಳಗಿದ್ದರೆ ನಲವತ್ತೊಂದನೆಯವರ ಕಾಲಿಗೆ ಕೊನೆಯ ಮೆಟ್ಟಿಲು ಸಿಗುವುದಿಲ್ಲ. ಕಣ್ಣಿಗೆ ಕಾಣುತ್ತದೆ, ಇಟ್ಟ ಹೆಜ್ಜೆ ಮಾತ್ರ ಹಿಂದಿನ ಮೆಟ್ಟಿಲ ಮೇಲೆಯೇ ಬೀಳುತ್ತದೆ. ಕೆಳಗಿನವರು ಮೇಲೆ ಹೋದಾಗಲೂ ಹಾಗೆಯೇ. ಅದಕ್ಕೇ ಮೆಟ್ಟಿಲ ಎರಡೂ ತುದಿಯಲ್ಲಿ ಬಿಲ್ಲೆ ಕೊಡುವ ಮುದುಕರು ಕೂತಿರುತ್ತಾರೆ. ಬಿಲ್ಲೆ ಮುಗಿದರೆ ಜನ ಗೊಣಗಿಕೊಂಡು ವಾಪಸಾಗುತ್ತಾರೆ, ಅಥವಾ ಯಾರಾದರೂ ಮರಳುವ ತನಕ ಮೆಟ್ಟಿಲ ಮೇಲೆಯೇ ಕೂತು ಎಲೆಯಡಿಕೆ ಹಾಕುತ್ತಾರೆ.

ಉಳಿದವರಿಗೆಂದೇ ನಮ್ಮ ಅಜ್ಜಂದಿರು ಮೆಟ್ಟಿಲ ಪಕ್ಕದುದ್ದಕ್ಕೂ ಒಂದು ತಾಮ್ರದ ಕೊಳವೆ ಹಾಕಿಸಿದ್ದರು. ಅದರ ಒಂದು ಬಾಯಿ ಕೆಳಗಿನೂರಿನ ಕಲ್ಯಾಣ ಮಂಟಪದಲ್ಲಿ, ಇನ್ನೊಂದು ಮೇಲಿನೂರಿನ ಗರಡಿಮನೆಯ ಅಂಗಳದಲ್ಲಿ. ಈ ಬಾಯಲ್ಲಿ ಆಡಿದ ಮಾತು ಮೂರು ಸಲ ಉಸಿರಾಡುವಷ್ಟರಲ್ಲಿ ಆ ಬಾಯಿಗೆ ಮುಟ್ಟುತ್ತದೆ. ಮದುವೆಯಿರಲಿ, ತೊಟ್ಟಿಲಿರಲಿ, ನಲವತ್ತು ಜನ ಎದುರಿಗೆ, ಮಿಕ್ಕವರು ಕೊಳವೆಗೆ. ಅಂಥ ಸಮಾರಂಭಗಳನ್ನು ಎರಡೂ ಕಡೆ ಸರಿಹೊಂದಿಸಿ ನಡೆಸಿಕೊಡುವುದು ನನ್ನ ಕೆಲಸ. ನಾಗವೇಣಿ ನಿಂತರೆ ಮೇಲಿನವರು ಉಪವಾಸ ಬೀಳುವುದಿಲ್ಲ, ಕೆಳಗಿನವರು ಜಗಳ ಆಡುವುದಿಲ್ಲ ಎಂದು ಜನ ಹೇಳುತ್ತಾರೆ. ಆದರೆ ಈ ಕೆಲಸ ನಾನು ಯಾಕೆ ಕಲಿತೆ ಎಂಬುದನ್ನು ಯಾರೂ ನನ್ನೆದುರು ಎತ್ತುವುದಿಲ್ಲ.

ಆರು ವರ್ಷದ ಹಿಂದೆ ನಮ್ಮವ್ವ ತೀರಿಕೊಂಡಳು. ನಾನು ಮದುವೆಯಾಗಿ ಕೆಳಗಿನವಳಾದ ಮೇಲೆ ಅವ್ವನೂ ಕೊನೆಗಾಲಕ್ಕೆ ನನ್ನ ಹತ್ತಿರವೇ ಬಂದಿದ್ದಳು. ಅಕ್ಕ ದಾಕ್ಷಾಯಿಣಿ ಮೇಲಿನೂರಿನಲ್ಲಿ. ಅವತ್ತು ಸಂತೆ. ನಲವತ್ತು ಬಿಲ್ಲೆಯೂ ಬೆಳಗಾಗುವುದರೊಳಗೆ ಮುಗಿದಿದ್ದವು. ಸಂತೆಗೆ ಬಂದವರನ್ನು ಹುಡುಕಿ ಒಬ್ಬರನ್ನಾದರೂ ಮೇಲೆ ಕಳಿಸಿ ಅಕ್ಕನಿಗೆ ಜಾಗ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಕ್ಕ ಗರಡಿಮನೆಯಲ್ಲಿ ಇಪ್ಪತ್ತು ಹೆಂಗಸರನ್ನು ಕೂಡಿಸಿಕೊಂಡು ಕೊಳವೆಗೆ ಕಿವಿಯಿಟ್ಟು ಕೂತಿದ್ದಳು. ಕೆಳಗೆ ಮಂಟಪದಲ್ಲಿ ಜನವೋ ಜನ. ಯಾರೂ ಕೊಳವೆಯ ಹತ್ತಿರ ಹೋಗಿ ಒಂದು ಮಾತು ಹೇಳಲಿಲ್ಲ. ಯಾರೋ ಅದಕ್ಕೆ ಬೆನ್ನು ಕೊಟ್ಟು ಕೂತು ಮೆಣಸಿನಕಾಯಿ ಧಾರಣೆ ಮಾತಾಡಿದರು. ಎರಡು ತಾಸು ಅಕ್ಕ ಕೇಳಿದ್ದು ಅದನ್ನೇ. ಅವ್ವನನ್ನು ಎತ್ತಿದ್ದು, ಮಣ್ಣು ಕೊಟ್ಟು ಜನ ವಾಪಸು ಬಂದದ್ದು, ಯಾವುದೂ ಅವಳಿಗೆ ಗೊತ್ತಾಗಲಿಲ್ಲ. ಸಂಜೆ ಸಂತೆ ಮುಗಿಸಿ ಮೇಲೆ ಹೋದವನೊಬ್ಬ ದಾರಿಯಲ್ಲಿ ಹೇಳಿದನಂತೆ: "ಮಣ್ಣು ಆತು, ಛಲೋ ಆತು."

ಅವತ್ತಿನಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ನಾನು ಕಳಿಸಿದ ಹಬ್ಬದ ಬುತ್ತಿಗಳು ತೆರೆಯದೇ ವಾಪಸು ಬಂದವು. ಅವಳದು ತಪ್ಪು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ.

ಹೀಗಿರುವಾಗ ಶ್ರಾವಣದ ಒಂದು ಬೆಳಿಗ್ಗೆ ಇಂದುಮತಿ ಬಿಲ್ಲೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಹುಡುಗಿ ನಮ್ಮವ್ವನ ಪಡಿಯಚ್ಚು.

"ಚಿಗವ್ವಾ, ನನ್ನ ಲಗ್ನ ನೀನ ನಡಸಿ ಕೊಡಬೇಕು," ಎಂದಳು.

"ನಿಮ್ಮವ್ವಗ ಗೊತ್ತೈತೇನು, ನೀ ಇಲ್ಲಿಗೆ ಬಂದಿದ್ದು?"

"ಗೊತ್ತೈತಿ. ಏನೂ ಅನ್ನಲಿಲ್ಲ. ಬ್ಯಾಡ ಅಂತೂ ಅನ್ನಲಿಲ್ಲ."

ವರ ಕೆಳಗಿನೂರಿನ ನೇಕಾರರ ಮನೆಯವನು, ಚೆನ್ನವೀರ. ಗಂಡಿನ ಊರಿನಲ್ಲೇ ಲಗ್ನ ಎಂಬುದು ಎರಡೂ ಊರಿನ ಪದ್ಧತಿ. ಅದು ತೊಡಕಲ್ಲ. ತೊಡಕು ಬೇರೆಯೇ ಇತ್ತು. ಬೇಸಿಗೆಯಲ್ಲಿ ಅಕ್ಕ ಅಟ್ಟದಿಂದ ಬಿದ್ದು ಮೊಣಕಾಲು ಮುರಿದುಕೊಂಡಿದ್ದಳು. ಮನೆಯ ಹೊಸ್ತಿಲು ದಾಟಲು ಎರಡು ಆಳು ಬೇಕು, ಇನ್ನು ಆರುನೂರ ಹನ್ನೆರಡು ಮೆಟ್ಟಿಲೆಲ್ಲಿ! ಡೋಲಿಯಲ್ಲಿ ಹೊತ್ತು ತರುತ್ತೇವೆಂದರೆ, "ನಾ ಏನು ಹೆಣ ಏನು?" ಎಂದು ಗದರಿದ್ದಳಂತೆ. ಅಂದರೆ ಈ ಮದುವೆಯಲ್ಲಿ ಕೊಳವೆಗೆ ಕೂರುವವರಲ್ಲಿ ಮೊದಲನೆಯವಳು ಮದುಮಗಳ ತಾಯಿ.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಮೂರು ದಿನ ನನಗೆ ಊಟ ಸೇರಲಿಲ್ಲ.

ಇಂಥ ಸಮಾರಂಭದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಎದುರಿಗಿದ್ದವರಿಗೆ ಮದುವೆ ಮಾಡುತ್ತಾರೆ, ಕೊಳವೆಯವರಿಗೆ ಅದರ ಸದ್ದು ಕೇಳಿಸುತ್ತಾರೆ. ಸದ್ದು ಮದುವೆಯಲ್ಲ. ಅದಕ್ಕೇ ನಾನು ಮೊದಲು ಮಾಡಿದ ಕೆಲಸವೆಂದರೆ ಕೊಟ್ರಪ್ಪ ಮಾಸ್ತರರ ಮನೆಗೆ ಹೋದದ್ದು. ಮಾಸ್ತರರು ಮೂವತ್ತು ವರ್ಷ ಭೂಗೋಳ ಕಲಿಸಿದವರು, ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ಅವರಿಗೆ ಕರಗತ. "ನೀವು ಲಗ್ನ ನೋಡೂದು ಬ್ಯಾಡ, ಊಟಕ್ಕೂ ಏಳೂದು ಬ್ಯಾಡ. ಕೊಳವಿ ಮುಂದ ಕುಂತು ಮ್ಯಾಲಿನವರಿಗೆ ಎಲ್ಲಾ ಹೇಳಬೇಕು," ಎಂದೆ. ಅವರಿಗೆ ಹಿಗ್ಗೋ ಹಿಗ್ಗು. ತಾಲೀಮಿನ ದಿನ ಖಾಲಿ ಮಂಟಪದಲ್ಲಿ ಕೂತು, "ಈಗ ಒಬ್ಬಾಕಿ ಕಸ ಹೊಡಿಯಾಕತ್ಯಾಳ. ಇನ್ನೂ ಹೊಡಿಯಾಕತ್ಯಾಳ," ಎಂದು ಅರ್ಧ ತಾಸು ವರದಿ ಕೊಟ್ಟರು. ಮೇಲಿನಿಂದ ನೀಲವ್ವ ಕೂಗಿದಳು: "ಆಕಿಗೆ ಮೂಲ್ಯಾಗಿಂದೂ ಹೊಡಿ ಅಂತ ಹೇಳ್ರಿ ಮಾಸ್ತರ!" ನೀಲವ್ವ ಅಕ್ಕನ ನೆರೆಮನೆಯವಳು. ಅವಳ ಗಂಟಲಿಗೆ ಇಡೀ ಗರಡಿಮನೆ ಸಾಲದು. ಕೊಳವೆಯಲ್ಲಿ ಬಂದದ್ದನ್ನು ಇನ್ನೂರ ಅರವತ್ತು ಜನಕ್ಕೆ ಮುಟ್ಟಿಸುವ ಕೆಲಸ ಅವಳದು.

ತಾಲೀಮಿನಿಂದ ಇನ್ನೂ ಕೆಲವು ಸಂಗತಿ ತಿಳಿದವು. ಬಾಜಾ ಬಾರಿಸಿದರೆ ಮೇಲೆ ಬರೀ ಭೋರೆನ್ನುತ್ತದೆ, ಮಾತಿನ ಹೊತ್ತಿಗೆ ಬಾಜಾ ನಿಲ್ಲಬೇಕು. ಎರಡೂ ಕಡೆಯಿಂದ ಒಟ್ಟಿಗೆ ಮಾತಾಡಿದರೆ ಎರಡೂ ಕೆಡುತ್ತವೆ, ಮಾತು ಮುಗಿಸಿದವರು "ಆತು" ಎನ್ನಬೇಕು. ಕೆಳಗಿನ ಅಡುಗೆಯೇ ಮೇಲೂ ಆಗಬೇಕು. ಅದೇ ಗೋಧಿ ಹುಗ್ಗಿ, ಅದೇ ಬದನೆಕಾಯಿ ಪಲ್ಯ, ಎಲೆ ಹಾಕುವುದೂ ಒಂದೇ ಹೊತ್ತಿಗೆ. ಇಲ್ಲಿ ಉಣ್ಣುವ ಸದ್ದನ್ನು ಅಲ್ಲಿ ಹಸಿದವರು ಕೇಳುತ್ತಾ ಕೂರಬಾರದು.

ನಲವತ್ತು ಜನರನ್ನು ಆರಿಸುವುದರಲ್ಲಿ ಮಾತ್ರ ನನಗೆ ಸೋಲಾಯಿತು. ಯಾರನ್ನು ಸೇರಿಸಿದರೂ ಇನ್ನೊಬ್ಬರ ಮುಖ ಸಣ್ಣಗಾಗುತ್ತಿತ್ತು. ಕೊನೆಗೆ ಅಕ್ಕನನ್ನೇ ಕೇಳೋಣವೆಂದು ಮೇಲೆ ಹೋದೆ.

ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆರು ವರ್ಷದಲ್ಲಿ ಇಷ್ಟು ಬೆಳ್ಳಗಾಗುತ್ತದೆಯೇ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಇಂದೂ, ಬಂದವರಿಗೆ ನೀರು ಕೊಡು," ಎಂದಳು.

ನಾನು ನೀರು ಕುಡಿದು ಪಟ್ಟಿ ಮುಂದಿಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿ, ಏಳು ಹೆಸರು ಹೊಡೆದು ಏಳು ಹೆಸರು ಬರೆದಳು. ಆಮೇಲೆ ಮಗಳಿಗೆ ಹೇಳಿದಳು: "ಇಂದೂ, ಅವರಿಗೆ ಒಂದು ಮಾತು ಹೇಳು. ನನ್ನ ಬಾಯಿಂದ 'ಕಟ್ರಿ' ಅಂತ ಬರೂತನಕ ತಾಳಿ ಕಟ್ಟಬಾರ್ದು. ಎಲ್ಲಾ ಮುಗದ ಮ್ಯಾಲೆ ಛಲೋ ಆತು ಅಂತ ಸುದ್ದಿ ಕೇಳೂದು ನನಗೊಮ್ಮೆ ಸಾಕಾಗೇತಿ."

ಇಂದುಮತಿ ನನ್ನ ಮುಖ ನೋಡಿದಳು. "ಆಗಲಿ ಅಂತ ಹೇಳವ್ವಾ," ಎಂದೆ ನಾನು, ಅವಳಿಗೇ.

ಗಂಡಿನ ತಂದೆ ರುದ್ರಮುನಿಯಪ್ಪನವರಿಗೆ ಈ ಷರತ್ತು ಸರಿಬರಲಿಲ್ಲ. "ಮುಹೂರ್ತ ಇರೂದ ಒಂದು ಗಳಿಗಿ. ಕೊಳವಿ ಹೂಂ ಅನ್ನೂತನಕ ನಾವು ತಾಳಿ ಹಿಡಕೊಂಡು ನಿಂದ್ರೂದೇನು?" ಎಂದರು. "ಕೊಳವಿ ಅಲ್ಲರಿ, ಹುಡುಗಿ ತಾಯಿ," ಎಂದೆ. ಅವರು ಮೀಸೆ ಸವರಿಕೊಂಡು, "ಗಳಿಗಿ ಮೀರಿದರ ಮಾತ್ರ ನಾ ಕಾಯಾಂಗಿಲ್ಲ ನೋಡವ್ವಾ," ಎಂದರು. ಅಲ್ಲಿಗೆ ಒಪ್ಪಂದವಾಯಿತು.

ಮದುವೆಯ ಬೆಳಿಗ್ಗೆ ಎಲ್ಲವೂ ಚೆಂದ ನಡೆಯಿತು. ಮಾಸ್ತರರು ಸೀರೆಯ ಅಂಚಿನ ಬಣ್ಣವನ್ನೂ ಬಿಡದೆ ಹೇಳಿದರು. ಮದುಮಕ್ಕಳನ್ನು ಕೂರಿಸಿ ಸುರಿಗೆ ನೀರು ಹಾಕುವಾಗ ಮೇಲಿನ ಹೆಂಗಸರು ಕೊಳವೆಯಲ್ಲಿ ಹಾಡಿದರು, ಒಂದೊಂದು ಸಾಲಿಗೂ ಅವರು ನಿಂತ ಮೇಲೆ ಕೆಳಗಿನವರು ಹಾಡಿದರು, ಮೂರು ಉಸಿರಿನ ಅಂತರವೇ ಹಾಡಿಗೆ ಸೊಗಸು ಕೊಟ್ಟಿತು. ಇಂದುಮತಿ ಕೊಳವೆಯ ಹತ್ತಿರ ಬಗ್ಗಿ, "ಅವ್ವಾ, ಹಣಿಗೆ ದಂಡಿ ಕಟ್ಟಿದರವ್ವಾ," ಎಂದಳು. "ಬಿಗಿ ಆಗೇತೇನು, ಸಡಿಲ ಮಾಡಿಸಿಕೋ," ಎಂದು ಅಕ್ಕನ ದನಿ ಬಂತು. ಆ ದನಿ ಕೇಳಿ ನಾನು ಕಂಬದ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಮುಹೂರ್ತಕ್ಕೆ ಸ್ವಲ್ಪವೇ ಹೊತ್ತಿತ್ತು. ಲಗ್ನ ಮಾಡಿಸುವ ಐನೋರು ತಾಳಿಯ ತಟ್ಟೆಯನ್ನು ಎಲ್ಲರಿಗೂ ಮುಟ್ಟಿಸಿ ತಂದರು. ಅಷ್ಟರಲ್ಲಿ ಮಾಸ್ತರರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ನಾಗವ್ವಾ, ಮ್ಯಾಲಿಂದ ಏನೂ ಬರವಲ್ದು."

ನಾನು ಕಿವಿಯಿಟ್ಟೆ. ಕೂಗಿದೆ. ಮೂರು ಉಸಿರು, ಆರು ಉಸಿರು, ಹತ್ತು ಉಸಿರು. ಕೊಳವೆ ಖಾಲಿ ಕೊಡದ ಹಾಗೆ ಶಬ್ದ ಮಾಡಿತು.

ಹೊರಗೆ ಓಡಿದೆ. ಮಂಟಪದ ಬಾಗಿಲಿನ ಎದುರಿಗೇ ಮೆಟ್ಟಿಲು. ನೋಡಿದರೆ ಮೆಟ್ಟಿಲ ತುಂಬ ಜನ! ಪಟ್ಟಿಯಲ್ಲಿ ಹೆಸರಿಲ್ಲದವರು, ಗರಡಿಮನೆಯಲ್ಲಿ ಕೂತು ಕೇಳಲು ಮನಸ್ಸಾಗದವರು, ಹೊಸ ಸೀರೆ ಉಟ್ಟು, ತಲೆಗೆ ಹೊಸ ಪಟಗ ಸುತ್ತಿ ಇಳಿದು ಬಂದಿದ್ದರು. ಕೊನೆಯ ಮೆಟ್ಟಿಲು ಸಿಗುವುದಿಲ್ಲವೆಂದು ಗೊತ್ತಿದ್ದೂ ದೂರದಿಂದಲಾದರೂ ಇಣುಕಿ ನೋಡೋಣವೆಂದು ಬಂದವರು. ನೂರಕ್ಕೂ ಮೇಲೆಯೇ ಇದ್ದರು. ನಡು ತಿರುವಿನಲ್ಲಿ ಹತ್ತೆಂಟು ಜನ ಕೊಳವೆಯ ಮೇಲೇ ಸಾಲಾಗಿ ಕೂತಿದ್ದರಂತೆ. ಭಾರಕ್ಕೆ ಬೆಸುಗೆ ಬಿಟ್ಟು ಒಂದು ತುಂಡು ಕಳಚಿ ಕಣಿವೆಗೆ ಉರುಳಿಹೋಗಿತ್ತು.

"ನಮ್ಮಿಂದ ತಪ್ಪಾತವ್ವಾ," ಎಂದಳು ಕೆಳಗಿನ ಸಾಲಿನಲ್ಲಿದ್ದ ಒಬ್ಬ ಮುದುಕಿ. ಕೈಯಲ್ಲಿ ಅಕ್ಕಿಕಾಳು ಹಿಡಿದುಕೊಂಡೇ ಇದ್ದಳು. "ಹುಡುಗೀನ ಎತ್ತಿ ಆಡಿಸೇನಿ. ಒಮ್ಮೆ ಕಣ್ಣಿಲೆ ನೋಡಬೇಕು ಅಂತ ಬಂದ್ವಿ."

ಒಳಗಿನಿಂದ ರುದ್ರಮುನಿಯಪ್ಪನವರು ಬಂದರು. "ನಾಗವ್ವಾ, ಗಳಿಗಿ ಓಡಾಕತ್ತೇತಿ. ಕಟ್ಟಸಾಕ ಹೇಳಲೇನು?"

ಕಟ್ಟಿಸಿ ಎಂದುಬಿಡಬಹುದಿತ್ತು. ಕೊಳವೆ ಒಡೆದದ್ದು ನನ್ನ ತಪ್ಪಲ್ಲ, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಆದರೆ ಸಂಜೆ ಯಾರಾದರೂ ಮೇಲೆ ಹೋಗಿ "ಛಲೋ ಆತು" ಎನ್ನುವುದು ನನ್ನ ಕಣ್ಣ ಮುಂದೆ ಬಂತು. ಮೆಟ್ಟಿಲ ಕಡೆ ನೋಡಿದೆ. ಈ ತುದಿಯಿಂದ ಆ ತಿರುವಿನ ತನಕ ಜನ, ತಿರುವಿನಾಚೆಗೂ ಜನ. ಬಂದವರೆಲ್ಲ ಕಾಲಿನ ಕೆಳಗೆ ನೋಡುತ್ತಾ ನಿಂತಿದ್ದರು, ಬೈಸಿಕೊಳ್ಳಲು ಕಾದವರ ಹಾಗೆ.

"ಯಾರೂ ಹಿಂದಕ್ಕ ಹೋಗಬ್ಯಾಡ್ರಿ!" ಎಂದು ಕೂಗಿದೆ. "ಐದಾರು ಮೆಟ್ಟಿಲಿಗೆ ಒಬ್ಬೊಬ್ಬರು ನಿಂದರ್ರಿ. ಮ್ಯಾಲಿನ ತುದೀತನಕ ಹರಡಿಕೊಳ್ರಿ. ನಾ ಹೇಳಿದ್ದನ್ನ ನೀವು ಮ್ಯಾಲಿನವರಿಗೆ ಹೇಳ್ರಿ, ಅವರು ಅವರ ಮ್ಯಾಲಿನವರಿಗೆ. ಕೇಳಿದ್ದಷ್ಟ ಹೇಳ್ರಿ, ನಿಮ್ಮದು ಸೇರಸಬ್ಯಾಡ್ರಿ."

ಜನ ಎಷ್ಟು ಬೇಗ ಹರಡಿಕೊಂಡರೆಂದರೆ, ಇವರಿಗೆ ಇಷ್ಟೇ ಬೇಕಾಗಿತ್ತೇನೋ ಎನಿಸಿತು. ವಯಸ್ಸಾದವರು ಕೆಳಗೆ ಉಳಿದರು, ಗಟ್ಟಿಮುಟ್ಟಾದವರು ಮೇಲೆ ಓಡಿದರು. ತುತ್ತತುದಿಯಿಂದ ಗರಡಿಮನೆಯ ತನಕ ನೀಲವ್ವ ತನ್ನ ಗಂಟಲನ್ನೇ ಹಾಸಿದಳಂತೆ. ನಾನು ಮೊದಲ ಮಾತು ಕಳಿಸಿದೆ: "ಕೊಳವಿ ಒಡದೈತಿ. ತಾಳಿ ಕೈಯಾಗೈತಿ. ದಾಕ್ಷಾಯಿಣವ್ವ ಹೇಳಲಿ." ಮಾತು ಒಬ್ಬರಿಂದೊಬ್ಬರಿಗೆ ಏರುತ್ತಾ ತಿರುವಿನಲ್ಲಿ ಮರೆಯಾಯಿತು.

ಕಾದೆವು. ಐನೋರು ಬಾಗಿಲಲ್ಲಿ ನಿಂತು ಬಿಸಿಲು ನೋಡಿದರು. ಚೆನ್ನವೀರ ತಾಳಿ ಹಿಡಿದು ಕೂತಿದ್ದ. ಇಂದುಮತಿ ತಲೆ ತಗ್ಗಿಸಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮೇಲಿನಿಂದ ಸದ್ದು ಇಳಿಯತೊಡಗಿತು. ತಿರುವು ದಾಟಿತು. ಕೆಳಗಿನ ಸಾಲಿನ ಮುದುಕಿ ಕೇಳಿಸಿಕೊಂಡು, ನಂಬಲಾಗದವಳ ಹಾಗೆ ಬಾಯಿ ತೆರೆದಳು.

"ಬ್ಯಾಡ ಅಂತಾಳಂತ."

"ಅಂದ್ರ?" ಎಂದು ರುದ್ರಮುನಿಯಪ್ಪನವರ ದನಿ ಏರಿತು. "ಲಗ್ನ ಬ್ಯಾಡ ಅಂತೇನು?" ಗಂಡಿನ ಕಡೆಯ ಇಬ್ಬರು ಎದ್ದೇ ನಿಂತರು. ನನಗೂ ಒಂದು ಗಳಿಗೆ ಅಕ್ಕನ ಸಿಟ್ಟು ಇಷ್ಟು ದೊಡ್ಡದೇ ಎನ್ನಿಸಿತು. ಆದರೆ ಅಕ್ಕ ನನ್ನ ಮೇಲಿನ ಸಿಟ್ಟನ್ನು ಮಗಳ ಮೇಲೆ ತೀರಿಸಿಕೊಳ್ಳುವ ಹೆಂಗಸಲ್ಲ. ಅಷ್ಟು ನನಗೆ ಗೊತ್ತು, ಒಂದೇ ಹಾಸಿಗೆಯಲ್ಲಿ ಹದಿನೆಂಟು ವರ್ಷ ಮಲಗಿದವಳು ನಾನು.

"ಕುಂದರ್ರಿ ಎಲ್ಲಾರೂ," ಎಂದೆ. ಮತ್ತೆ ಮೆಟ್ಟಿಲಿಗೆ ಬಂದೆ. "ಮಾತು ಎಲ್ಲೋ ತುಂಡಾಗೇತಿ. ಮತ್ತ ಕೇಳ್ರಿ. ಈ ಸಲ ಮ್ಯಾಲಿನವರು ಹೇಳಿದ ಮ್ಯಾಲ ಅವರಿಗೆ ತಿರುಗಿ ಹೇಳಿ ತೋರಸ್ರಿ. ಅವರು ಹೌದು ಅಂದ್ರ ಮುಂದಕ್ಕ ದಾಟಸ್ರಿ. ಅವಸರ ಮಾಡಬ್ಯಾಡ್ರಿ."

ಮಾತು ಮತ್ತೆ ಏರಿತು. ಈ ಸಲ ನಿಧಾನ. ಪ್ರತಿ ಐದು ಮೆಟ್ಟಿಲಿಗೆ ಒಂದು ಕೇಳುವುದು, ಒಂದು ತಿರುಗಿ ಹೇಳುವುದು, ಒಂದು ತಲೆಯಾಡಿಸುವುದು. ಐನೋರು ಕೆಮ್ಮಿದರು. ರುದ್ರಮುನಿಯಪ್ಪನವರು ನನ್ನ ಪಕ್ಕಕ್ಕೆ ಬಂದು ನಿಂತರು. ಗದರುತ್ತಾರೆಂದುಕೊಂಡೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾ, "ತಿರುವಿಗೆ ಬಂತವ್ವಾ, ತಿರುವಿಗೆ ಬಂತು," ಎಂದರು.

ಮುದುಕಿ ಈ ಸಲ ಮೇಲಿನವನ ಮಾತನ್ನು ಎರಡು ಸಲ ತಿರುಗಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ತಡ ಮಾಡಬ್ಯಾಡ್ರಿ. ಕಟ್ರಿ."

ಮೊದಲ ಸಲ ಎಲ್ಲೋ 'ತಡ'ವೂ ಬಿದ್ದುಹೋಗಿತ್ತು, 'ಕಟ್ರಿ'ಯೂ ಬಿದ್ದುಹೋಗಿತ್ತು. ನಡುವಿನ 'ಬ್ಯಾಡ' ಮಾತ್ರ ಮೆಟ್ಟಿಲಿಳಿದು ಬಂದಿತ್ತು. ರುದ್ರಮುನಿಯಪ್ಪನವರು, "ಕಟ್ಟೋ ಚೆನ್ನವೀರಾ!" ಎಂದು ಮಂಟಪ ಹಾರಿಹೋಗುವ ಹಾಗೆ ಕೂಗಿದರು. ಗಳಿಗೆ ಇನ್ನೂ ಮುಗಿದಿರಲಿಲ್ಲ. ಬಾಜಾ ಮೊಳಗಿತು. ಮಂಟಪದವರು ಅಕ್ಕಿಕಾಳು ಹಾಕಿದರು. ಮೆಟ್ಟಿಲಿನ ಮೊದಲ ಸಾಲಿನವರು ಹಾಕಿದರು, ಅವರನ್ನು ನೋಡಿ ಮೇಲಿನವರು, ಅವರನ್ನು ನೋಡಿ ಅವರ ಮೇಲಿನವರು. ಕಾಳು ಎರಚುವ ಕೈಗಳು ಮೆಟ್ಟಿಲುದ್ದ ಏರುತ್ತಾ ಹೋದವು, ಸ್ವಲ್ಪ ಹೊತ್ತಿಗೆ ಗುಡ್ಡದ ತುದಿಯಿಂದ ಹೆಂಗಸರ ಸೋಬಾನೆ ಕೇಳಿಸಿತು. ಆಗಲೂ ಮಾಸ್ತರರು, ಒಡೆದ ಕೊಳವೆಯ ಮುಂದೆಯೇ ಕೂತು, "ಕಟ್ಟಿದಾ! ಮೂರೂ ಗಂಟು ಹಾಕಿದಾ!" ಎಂದು ಯಾರಿಗೂ ಕೇಳಿಸದ ವರದಿ ಕೊಡುತ್ತಿದ್ದರು.

ಊಟಕ್ಕೆ ಮೇಲಿನ ಅಡುಗೆಯನ್ನು ಮೇಲಿನವರು ಇಳಿಸಿದರು, ಕೆಳಗಿನದನ್ನು ನಾವು ಏರಿಸಿದೆವು. ಮೆಟ್ಟಿಲಿಗೆ ಎರಡೆರಡು ಎಲೆ ಬಿದ್ದವು. ನಡು ತಿರುವಿನಲ್ಲಿ ಎರಡೂ ಊರಿನ ಹುಗ್ಗಿ ಒಂದೇ ಎಲೆಗೆ ಬಡಿಸಿಕೊಂಡು ಯಾವುದು ರುಚಿ ಎಂದು ಜನ ವಾದ ಮಾಡಿದರಂತೆ. ಕೊಳವೆ ಮುರಿದವರನ್ನು ಯಾರೂ ಬೈಯಲಿಲ್ಲ. ಇಂದುಮತಿ ಗಂಡನ ಜೊತೆ ಮೇಲಿನ ತನಕ ಹೋಗಿ ಅವ್ವನ ಕಾಲು ಮುಟ್ಟಿ ಬರುತ್ತೇನೆಂದು ಹೊರಟಳು. ಅವರು ಏರುವ ದಾರಿಯುದ್ದಕ್ಕೂ ಜನ ಉಣ್ಣುವುದು ಬಿಟ್ಟು ಎದ್ದೆದ್ದು ನಿಂತು ಹರಸಿದರು.

ನಾನು ಬಾಗಿಲ ಕಂಬಕ್ಕೆ ಒರಗಿ ಕೂತೆ. ಬೆಳಗಿನಿಂದ ನಿಂತ ಕಾಲು ಈಗ ನನ್ನದೆನಿಸುತ್ತಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದರೆ ಎಷ್ಟು ಆಯಾಸವಾಗುತ್ತದೆಂಬುದು ಅವತ್ತೇ ಗೊತ್ತಾದದ್ದು. ಆಗ ಮೇಲಿನಿಂದ ಮತ್ತೆ ಮಾತು ಇಳಿಯುವುದು ಕಂಡಿತು. ಎಲೆಯ ಮುಂದಿದ್ದವರು ಎಂಜಲು ಕೈ ಎತ್ತಿ ಹಿಡಿದು ಕೆಳಗಿನವರಿಗೆ ಹೇಳುತ್ತಿದ್ದರು, ಕೆಳಗಿನವರು ತಿರುಗಿ ಹೇಳಿ ತೋರಿಸುತ್ತಿದ್ದರು. ಏನೋ ಕೊರತೆಯಾಯಿತೆಂದು ನಾನು ಗಡಬಡಿಸಿ ಎದ್ದೆ.

ಮುದುಕಿ ಹುಗ್ಗಿಯ ತುತ್ತು ನುಂಗಿ ನನ್ನನ್ನು ನೋಡಿದಳು.

"ನಿನಗ ಐತವ್ವಾ ಇದು. ದಾಕ್ಷಾಯಿಣಿ ಕೇಳಾಕತ್ಯಾಳಂತ. 'ನಾಗೂ ಉಂಡಳೇನು?' ಅಂತ."

ಆರು ವರ್ಷಕ್ಕೆ ಬಂದ ಮೊದಲ ಮಾತು, ನೂರು ಜನರ ಬಾಯಿ ದಾಟಿ, ಒಂದಕ್ಷರವೂ ಕೆಡದೆ ಬಂದಿತ್ತು. ಮೆಟ್ಟಿಲ ಮೇಲಿನವರೆಲ್ಲ ಉಣ್ಣುವುದು ನಿಲ್ಲಿಸಿ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಇನ್ನೂ ಇಲ್ಲಕ್ಕಾ ಅಂತ ಹೇಳ್ರಿ," ಎಂದೆ.

ಮುದುಕಿ ತಿರುಗಿ ಹೇಳಿ ತೋರಿಸಿದಳು. ನಾನು ಹೌದೆಂದೆ. ಅದು ಏರಿ ಹೋಯಿತು, ಬಹಳ ಹೊತ್ತಿನ ಮೇಲೆ ಇನ್ನೊಂದು ಇಳಿದು ಬಂತು: "ನಂದೂ ಆಗಿಲ್ಲ. ಎಲಿ ಹಾಕಿಸಿಕೋ ಅನ್ರಿ. ಆಕಿ ಕುಂತಳು ಅಂದ ಮ್ಯಾಲ ನಾ ಕುಂದರತೀನಿ."

ರುದ್ರಮುನಿಯಪ್ಪನವರೇ ಎಲೆ ತಂದು ಹಾಕಿದರು, ನೀರು ಚಿಮುಕಿಸಿದರು. ನಾನು ಕೂತೆ. "ಕುಂತಳು!" ಎಂದು ಮುದುಕಿ ಮೇಲಿನವನಿಗೆ ಹೇಳಿದಳು. ಕುಂತಳು, ಕುಂತಳು ಎಂದು ಮೆಟ್ಟಿಲು ಮೆಟ್ಟಿಲಿಗೂ ಹೇಳಿಕೊಳ್ಳುತ್ತಾ ಹೋದರು. ಆ ಮಾತು ತುದಿ ಮುಟ್ಟುವ ತನಕ ನಾನು ತುತ್ತಿಗೆ ಕೈ ಹಾಕಲಿಲ್ಲ.